ಬೆನ್ನ ಮೇಲಿನ ಎರಡು ಗುಳ್ಳೆ

ಹೋದ ವಾರ ಹೊಸ ಕನ್ನಡಕ ಹಾಕಿಸಿಕೊಳ್ಳಲು ಹೋಗಿದ್ದೆ. ಅಂಗಡಿಯಾತ ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿದ, ತೆಗೆದ, ಮತ್ತೆ ಕೂರಿಸಿ ತಲೆ ಕೆರೆದುಕೊಂಡ.

“ಮೇಡಂ, ಇಲ್ಲೊಂದು ಸಣ್ಣ ಗುಳಿ ಇದೆ. ಜಾರಿ ಜಾರಿ ಅಲ್ಲಿಗೇ ಬಂದು ಕೂತ್ಕೊಳ್ತಿದೆ. ಚಿಕ್ಕೋರಿದ್ದಾಗ ಬಿದ್ದಿದ್ರಾ?”

“ಇಲ್ಲಪ್ಪ. ಅದು ನನಗೆ ಸಿಕ್ಕ ಒಂದೇ ಒಂದು ರಜದ ಗುರುತು” ಅಂದೆ.

ಅವನು ನಕ್ಕ. ಗಿರಾಕಿ ಹೇಳಿದ್ದು ಅರ್ಥವಾಗದಿದ್ದಾಗ ಅಂಗಡಿಯವರು ನಗುತ್ತಾರಲ್ಲ, ಆ ನಗು. ಅವನಿಗೆ ಬಿಡಿಸಿ ಹೇಳುವಷ್ಟು ಹೊತ್ತು ಇರಲಿಲ್ಲ. ನೀವು ಹೇಗೂ ಓದುತ್ತಾ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಮೊದಲು ಜ್ವರದ ವಿಷಯ ಹೇಳಬೇಕು. ನಾನು ಬೆಳೆದದ್ದು ಬಸವನಗುಡಿಯ ಒಂದು ವಠಾರದಲ್ಲಿ. ಆರು ಜನ ಮಕ್ಕಳು ನಾವು. ನಮ್ಮ ಪಾಲಿಗೆ ಜ್ವರ ಅಂದರೆ ಹಬ್ಬ. ಬ್ರೆಡ್ಡು ಮನೆಯೊಳಕ್ಕೆ ಬರುತ್ತಿದ್ದದ್ದೇ ಯಾರಿಗಾದರೂ ಜ್ವರ ಬಂದಾಗ. ಅದನ್ನು ಬಿಸಿ ಹಾಲಿನಲ್ಲಿ ಅದ್ದಿ, ಮೇಲೆ ಸಕ್ಕರೆ ಉದುರಿಸಿ ಕೊಟ್ಟರೆ, ಜ್ವರ ಇಲ್ಲದ ಐವರು ಸುತ್ತ ಕೂತು ಹಾರೈಸುತ್ತಿದ್ದೆವು, ರೋಗಿಗೆ ಹಸಿವು ಇರದಿರಲಿ ಅಂತ. ನಮ್ಮಮ್ಮ ಮಾತ್ರ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಾ, “ದೇವರೇ, ನನಗೊಂದೆರಡು ದಿನ ಜ್ವರ ಬರಬಾರದೇ” ಅನ್ನುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮನಿಗೂ ಬ್ರೆಡ್ಡಿನ ಆಸೆ ಅಂದುಕೊಂಡಿದ್ದೆವು.

ಅವಳಿಗೆ ಆಸೆಯಾಗಿದ್ದದ್ದು ಬ್ರೆಡ್ಡಲ್ಲ ಅಂತ ನನಗೆ ತಿಳಿಯುವ ಹೊತ್ತಿಗೆ ನನಗೆ ಮೂರು ಮಕ್ಕಳಾಗಿದ್ದವು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದೆವು. ಬಸವನಗುಡಿಯ ನೆಂಟರು “ಅಯ್ಯೋ, ಆ ಕಾಡಿಗಾ?” ಅಂತ ಕೇಳುತ್ತಿದ್ದ ಕಾಲ. ನಮ್ಮ ಸಾಲಿನಲ್ಲಿ ನಾಲ್ಕೇ ಮನೆ. ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು. ಗಾಳಿ ಬೀಸಿದರೆ ಕೆಮ್ಮಣ್ಣು ನೇರವಾಗಿ ಅಡುಗೆಮನೆಗೆ. ಎಷ್ಟು ಸಾರಿಸಿದರೂ ನೆಲದ ಕೆಂಪು ಯಾವುದು, ಧೂಳಿನ ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ನಲ್ಲಿಯಲ್ಲಿ ಬೆಳಗಿನ ಜಾವ ಎರಡು ಗಂಟೆ ಹೊತ್ತು ಮಾತ್ರ ನೀರು. ಅದು ನಿಲ್ಲುವುದರೊಳಗೆ ಹಂಡೆ, ಕೊಳಗ, ತೊಟ್ಟಿ ಎಲ್ಲ ತುಂಬಬೇಕು. ಇವರು, ಅಂದರೆ ನಮ್ಮ ಮನೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಒಂಬತ್ತಕ್ಕೆ ಊಟ ಮಾಡಿ ಬಸ್ಸಿಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ದೊಡ್ಡವಳು ಉಷಾಗೆ ಏಳು ವರ್ಷ, ಎರಡನೇ ಕ್ಲಾಸು. ಶ್ರೀಧರನಿಗೆ ನಾಲ್ಕು. ಕೊನೆಯವನು ಹನ್ನೊಂದು ತಿಂಗಳ ಕೂಸು. ಅವನಿಗೆ ಹೆಸರು ಇಟ್ಟಿದ್ದೆವು, ಆದರೆ ಕರೆಯುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಪಾಪು ಅಂದರೆ ಅವನೇ.

ಜೊತೆಗೆ ನಮ್ಮ ಅತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವರು. ಸೊಂಟ ನೋವು ಇದ್ದರೂ ಬೆನ್ನು ಬಾಗಿಸುತ್ತಿರಲಿಲ್ಲ. ಅವರದೊಂದು ಗುಣ. ಸುಳ್ಳು ಹೇಳುತ್ತಿರಲಿಲ್ಲ, ಬಾಯುಪಚಾರಕ್ಕೂ ಹೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಸಾರು ಉಂಡು, “ಹೇಗಿದೆ ಅತ್ತೆ?” ಅಂತ ಕೇಳಿದ್ದಕ್ಕೆ “ಬಿಸಿಯಾಗಿದೆ” ಅಂದಿದ್ದರು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಉಷಾಗೆ ಸೀತಾಳೆ ಎದ್ದಿತು. ಮೈಯೆಲ್ಲ ನೀರುಗುಳ್ಳೆ. ಅವಳ ಜೊತೆಜೊತೆಗೇ ಶ್ರೀಧರನಿಗೂ. ಎರಡು ವಾರ ಇಬ್ಬರ ಕೈಗಳನ್ನೂ ಹಿಡಿದುಕೊಂಡು, ಕೆರೆದುಕೊಳ್ಳದ ಹಾಗೆ ಬೇವಿನ ಸೊಪ್ಪಿನಿಂದ ಮೈ ಸವರುತ್ತಾ ಕಳೆದೆ. ಅವರಿಗೆ ನೀರು ಹಾಕಿದ್ದಾಯಿತು, ಉಷಾ ಸ್ಕೂಲಿಗೆ ಹೋಗುವುದಕ್ಕೆ ಶುರು ಮಾಡಿದಳು. ಆ ಸಮಾಧಾನಕ್ಕೆ ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಮೆಟ್ಟಿಲ ಮೇಲೆ ಕೂತೆ. ಕಾಫಿ ಕಹಿಯಾಗಿತ್ತು. ಬೆನ್ನಲ್ಲಿ ಚಳಿ. ಸಂಜೆಯ ಹೊತ್ತಿಗೆ ಮೂಗಿನ ಮೇಲೆ, ಸರಿಯಾಗಿ ಈ ಗುಳಿ ಇರುವ ಕಡೆ, ಒಂದು ಗುಳ್ಳೆ.

ಅತ್ತೆ ದೀಪದ ಹತ್ತಿರ ನನ್ನ ಮುಖ ತಿರುಗಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಕೆನ್ನೆ ಬಡಿದುಕೊಂಡರು. “ಅಮ್ಮ ಬಂದಿದ್ದಾಳೆ” ಅಂದರು.

ಶ್ರೀಧರ ಅಲ್ಲೇ ಇದ್ದ. “ಅಮ್ಮ ಎಲ್ಲೂ ಹೋಗೇ ಇಲ್ವಲ್ಲ ಅಜ್ಜಿ, ಮತ್ತೆ ಬಂದಿದ್ದು ಹೇಗೆ?” ಅಂತ ಕೇಳಿದ.

ಅಷ್ಟು ದಿನ ಹೇಗೋ ತಪ್ಪಿಸಿಕೊಂಡಿದ್ದ ಪಾಪುವಿಗೆ ತಗಲಬಾರದು ಅಂತ ನನ್ನನ್ನು ರಸ್ತೆ ಕಡೆಯ ಚಿಕ್ಕ ಕೋಣೆಗೆ ಹಾಕಿದರು. ಚಾಪೆ, ಅದರ ಮೇಲೆ ಇವರ ಹಳೆಯ ಬಿಳಿ ಪಂಚೆ, ಪಂಚೆಯ ಮೇಲೆ ಬೇವಿನ ಸೊಪ್ಪು. ಬಾಗಿಲಿಗೂ ಗೇಟಿಗೂ ಬೇವಿನ ಕೊಂಬೆ ಕಟ್ಟಿದರು, ಹೊರಗಿನವರು ಬರಬಾರದು ಅಂತ. ಮನೆಯಲ್ಲಿ ಒಗ್ಗರಣೆ ನಿಂತಿತು. ಇವರು ಕಚೇರಿಗೆ ರಜ ಹಾಕಿದರು.

ಮೊದಲ ನಾಲ್ಕೈದು ದಿನ ನನಗೆ ಸರಿಯಾಗಿ ನೆನಪಿಲ್ಲ. ಜ್ವರ, ಉರಿ. ಪಾಪು ಇನ್ನೂ ಎದೆಹಾಲು ಕುಡಿಯುತ್ತಿದ್ದ. ಗೋಡೆಯ ಆಚೆ ಅವನು ಅತ್ತಾಗಲೆಲ್ಲ ಈ ಕಡೆ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹಾಲು ಬತ್ತಲಿ ಅಂತ ಅತ್ತೆ ಮಲ್ಲಿಗೆ ಹೂ ತರಿಸಿ, ಎದೆಗೆ ಕಟ್ಟಿಕೊಳ್ಳಲು ಕಿಟಕಿಯಿಂದ ಕೊಟ್ಟರು. ಹೂ ಮುಡಿಯಲು ಪುರಸೊತ್ತಿಲ್ಲದ ಆ ವರ್ಷಗಳಲ್ಲಿ ನಾನು ಅಷ್ಟೊಂದು ಮಲ್ಲಿಗೆ ಕಂಡದ್ದು ಹಾಗೆ. ಮೂರನೆಯ ದಿನಕ್ಕೆ ಹಾಲು ನಿಂತಿತು. ಪಾಪುವಿನ ಅಳುವೂ ನಿಂತಿತು. ಎರಡರಲ್ಲಿ ಯಾವುದು ಹೆಚ್ಚು ನೋಯಿಸಿತು ಅಂತ ಈಗ ಹೇಳಲಾರೆ.

ಆಮೇಲೆ ಜ್ವರ ಇಳಿಯಿತು. ಇಳಿದ ಮೇಲೆ ನಾನೊಂದು ವಿಚಿತ್ರ ಕಂಡೆ. ದಿನಾ ಬೆಳಗ್ಗೆ ಅತ್ತೆ ಸ್ನಾನ ಮಾಡಿ, ಮಡಿಯುಟ್ಟು ನನ್ನ ಹೊಸ್ತಿಲಾಚೆ ನಿಂತು ಕೈ ಮುಗಿಯುತ್ತಿದ್ದರು. “ಏನು ಬೇಕು ತಾಯಿ?” ಅಂತ ಕೇಳುತ್ತಿದ್ದರು.

ಮೊದಲ ದಿನ ನಾನು ಗಾಬರಿಯಾಗಿ ಎದ್ದು ಕೂತೆ. “ಅಯ್ಯೋ, ನನಗ್ಯಾಕೆ ಕೈ ಮುಗೀತೀರ ಅತ್ತೆ?”

“ನಿನಗಲ್ಲ ಕಣೇ ಸರೋಜಾ, ನಿನ್ನೊಳಗೆ ಬಂದು ಕೂತಿದ್ದಾಳಲ್ಲ, ಅವಳಿಗೆ. ಅವಳು ಕೇಳಿದ್ದನ್ನ ಇಲ್ಲ ಅನ್ನಬಾರದು.”

ಒಂದು ನಿಮಿಷ ಯೋಚನೆ ಮಾಡಿದೆ. ನನ್ನೊಳಗಿದ್ದವಳ ಪರವಾಗಿ ಕೇಳಿದೆ. “ಒಂದು ಎಳನೀರು. ಇಡೀದು.”

ನಿಮಗೆ ನಗು ಬರಬಹುದು. ಮಕ್ಕಳಾದ ಮೇಲೆ ನಾನು ಯಾವುದನ್ನೂ ಇಡಿಯಾಗಿ ತಿಂದವಳಲ್ಲ. ಮಾವಿನ ಹಣ್ಣಿನಲ್ಲಿ ನನ್ನ ಪಾಲಿಗೆ ವಾಟೆ, ಬಾಳೆಹಣ್ಣಿನಲ್ಲಿ ಕಪ್ಪಾದ ತುದಿ, ಹಾಲಿನಲ್ಲಿ ಪಾತ್ರೆಯ ತಳದ ಗಸಿ. ಅವತ್ತು ಒಂದು ಪೂರಾ ಎಳನೀರು ನನ್ನೆದುರು ಬಂತು. ಮಧ್ಯೆ ನಿಲ್ಲಿಸಿ “ನಿಮಗೆ ಬೇಕಾ?” ಅಂತ ಯಾರನ್ನೂ ಕೇಳದೆ ಕುಡಿದೆ. ಮಾರನೆಯ ದಿನ ಅಮ್ಮನವರು ದ್ರಾಕ್ಷಿ ಕೇಳಿದರು. ಅದರ ಮಾರನೆಯ ದಿನ, ಮಧ್ಯಾಹ್ನ ಯಾರೂ ಬಾಗಿಲು ತಟ್ಟಕೂಡದು ಅಂತ ಅಪ್ಪಣೆಯಾಯಿತು. ಎಲ್ಲ ನಡೆಯಿತು.

ಹೊರಗೆ ಇವರು ಮನೆ ನಡೆಸುತ್ತಿದ್ದ ಸದ್ದು ಕೇಳುತ್ತಿತ್ತು. ಮನೆ ನಡೆಸುವುದು ಅಂದರೆ, “ಅಮ್ಮಾ, ಸಕ್ಕರೆ ಡಬ್ಬ ಯಾವುದು?” ಆಮೇಲೆ ಏನೋ ಬಿದ್ದ ಸದ್ದು. “ಅಮ್ಮಾ, ಹಾಲು ಉಕ್ಕೋಯ್ತು.” ಶ್ರೀಧರನ ಚಡ್ಡಿ ಹಿಂದುಮುಂದಾಗಿದೆ ಅಂತ ಉಷಾ ಹೇಳುವುದು, ಇವರು “ಇರ್ಲಿ ಬಿಡು, ಎರಡು ಕಡೆಯೂ ಒಂದೇ” ಅನ್ನುವುದು. ಒಂದು ದಿನ ಕಿಟಕಿಯ ಹತ್ತಿರ ಬಂದು ನಿಂತರು. ಒಗ್ಗರಣೆಯಿಲ್ಲದ ಬೇಳೆ ತಿಂದು ತಿಂದು ಮುಖ ಸಣ್ಣಗಾಗಿತ್ತು. ಗಡ್ಡ ಬೆಳೆದಿತ್ತು.

“ನೀನು ದಿನಾ ಇಷ್ಟೆಲ್ಲ ಮಾಡ್ತೀಯಾ?” ಅಂತ ಕೇಳಿದರು.

“ಹೂಂ.”

“ಯಾವಾಗ ಮಾಡ್ತೀಯಾ?”

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಆ ಪ್ರಶ್ನೆಗೆ ಅಳಬೇಕೋ ನಗಬೇಕೋ ತಿಳಿಯದೆ ಪಂಚೆ ಹೊದ್ದುಕೊಂಡು ಮಲಗಿಬಿಟ್ಟೆ.

ಗುಳ್ಳೆಗಳು ಬಾಡಿ ಹಕ್ಕಳೆ ಕಟ್ಟಿದವು. ಅತ್ತೆ ಬೇವು ಅರಿಶಿನ ಹಾಕಿದ ನೀರಿನಲ್ಲಿ ಒಂದು ಸಲ ಮೀಯಿಸಿದರು, ಎರಡು ದಿನ ಬಿಟ್ಟು ಇನ್ನೊಂದು ಸಲ. ಮೂರನೆಯ ನೀರು ಆದರೆ ನಾನು ಕೋಣೆಯಿಂದ ಹೊರಗೆ. ಅದಕ್ಕೆ ಶುಕ್ರವಾರ ಗೊತ್ತಾಗಿತ್ತು. ಇವರ ರಜ ಗುರುವಾರಕ್ಕೆ ಮುಗಿಯುತ್ತಿತ್ತು. ಲೆಕ್ಕ ಸರಿಯಾಗಿ ಕೂಡಿತ್ತು.

ಶುಕ್ರವಾರ ಬೆಳಗ್ಗೆ ಎಚ್ಚರವಾದಾಗ ನಾನು ಪೂರ್ತಿ ಹುಷಾರಾಗಿದ್ದೆ. ಹಕ್ಕಳೆಯೆಲ್ಲ ಉದುರಿಹೋಗಿತ್ತು. ಮೈ ಹಗುರವಾಗಿತ್ತು. ಕಿಟಕಿಯಲ್ಲಿ ಎಳೆ ಬಿಸಿಲು. ಎದುರು ಸೈಟಿನಲ್ಲಿ ಎರಡು ಕತ್ತೆಗಳು ಏನೂ ಮಾಡದೆ ಸುಮ್ಮನೆ ನಿಂತಿದ್ದವು. ನನಗೆ ಅವುಗಳನ್ನು ನೋಡುತ್ತಲೇ ಇರಬೇಕು ಅನ್ನಿಸಿತು. ಎಷ್ಟು ಚೆನ್ನಾಗಿ ನಿಂತಿವೆ!

ಹೊಸ್ತಿಲಾಚೆ ಅತ್ತೆ ಬಂದರು. “ಎಲ್ಲಾ ಉದುರಿತೇನೇ?”

ಅಷ್ಟು ಹೊತ್ತೂ ಸುಳ್ಳು ಹೇಳುವ ಯೋಚನೆಯೇ ನನಗಿರಲಿಲ್ಲ. ಬಾಯಿ ತಾನಾಗಿ ಹೇಳಿತು. “ಬೆನ್ನ ಮೇಲೆ ಇನ್ನೂ ಎರಡು ಗುಳ್ಳೆ ಹಸಿಯಾಗೇ ಇದೆ, ಅತ್ತೆ.”

ಬೆನ್ನು ನೋಡಿಕೊಳ್ಳಲು ನನಗಂತೂ ಆಗದು. ಒಳಗೆ ಬಂದು ನೋಡುವಷ್ಟು ಅಪನಂಬಿಕೆ ಅವರಿಗಿರಲಿಲ್ಲ. “ಹಾಗಾದ್ರೆ ಮಂಗಳವಾರಕ್ಕೆ ಇಟ್ಕೊಳ್ಳೋಣ” ಅಂದರು. ಕೈ ಮುಗಿದು ಹೋದರು.

ಆ ದಿನಗಳು ಹೇಗಿದ್ದವು ಅಂತೀರಿ? ಮಲಗಿದೆ. ಎದ್ದು ಮಗ್ಗುಲು ಬದಲಿಸಿ ಮತ್ತೆ ಮಲಗಿದೆ. ಗೋಡೆಯ ಗೂಡಿಗೆ ಹಾಸಿದ್ದ ಹಳೆಯ ಪೇಪರು ಎಳೆದು ಓದಿದೆ. ಗೂಡಿನ ಅಳತೆಗೆ ಕತ್ತರಿಸಿದ್ದರಿಂದ ಯಾವ ಸುದ್ದಿಗೂ ಕೊನೆ ಇರಲಿಲ್ಲ. ಅದೂ ಒಂದು ಸುಖವೇ ಆಗಿತ್ತು. ಬಾಗಿಲಾಚೆ ಮನೆ ನಡೆಯುತ್ತಿತ್ತು. ಕರೆಗಳು ಕೇಳುತ್ತಿದ್ದವು. ಆದರೆ ಅವುಗಳಲ್ಲಿ ನನ್ನ ಹೆಸರಿರಲಿಲ್ಲ. ‘ಸರೋಜಾ’ ಅನ್ನುವ ಜಾಗದಲ್ಲೆಲ್ಲ ‘ಉಷಾ’ ಇತ್ತು. “ಉಷಾ, ಪಾಪೂನ ಎತ್ಕೋ.” “ಉಷಾ, ತಟ್ಟೆ ಹಾಕು.” “ಉಷಾ, ಶ್ರೀಧರನಿಗೆ ಮೂಗು ಒರೆಸು.”

ಶುಕ್ರವಾರ ಮಧ್ಯಾಹ್ನ ಅವಳ ದನಿ ಮನೆಯಲ್ಲಿ ಯಾಕೆ ಕೇಳುತ್ತಿದೆ ಅಂತ ಒಂದು ಕ್ಷಣ ಅನ್ನಿಸದೇ ಇರಲಿಲ್ಲ. ಸ್ಕೂಲಿಗೆ ರಜ ಇರಬೇಕು ಅಂದುಕೊಂಡೆ. ಮಲಗಿಕೊಂಡಿರುವಾಗ ಹಾಗೆಲ್ಲ ಅಂದುಕೊಳ್ಳುವುದು ಬಹಳ ಸುಲಭ. ಶನಿವಾರವೂ ಅಂದುಕೊಂಡೆ. ಭಾನುವಾರ ಅಂದುಕೊಳ್ಳುವ ಕಷ್ಟವೂ ಇರಲಿಲ್ಲ. ಇವರು ಕಚೇರಿಗೆ ಹೋದ ಮೇಲೆ ಅವರ ಜಾಗಕ್ಕೆ ಬಂದವರು ಯಾರು ಅಂತ ನಾನು ಯಾರನ್ನೂ ಕೇಳಲಿಲ್ಲ.

ಸೋಮವಾರ ಹತ್ತು ಗಂಟೆ ಇರಬಹುದು. ಗೇಟಿನ ಹತ್ತಿರ ಒಂದು ಮಗುವಿನ ದನಿ ಕೇಳಿಸಿತು. ಕಿಟಕಿಯಿಂದ ನೋಡಿದೆ. ಪಕ್ಕದ ರಸ್ತೆಯ ವನಜಾ, ಉಷಾಳ ಕ್ಲಾಸಿನವಳು. ಎರಡು ಜಡೆ, ಹೆಗಲಿಗೆ ಚೀಲ. ಬೇವಿನ ಕೊಂಬೆ ನೋಡಿ ಗೇಟಿನಾಚೆಯೇ ನಿಂತಿದ್ದಳು.

“ಉಷಾ, ಬಾರೇ! ಹತ್ತೂವರೆಗೆ ಪರೀಕ್ಷೆ. ಇವತ್ತು ಲೆಕ್ಕ.”

ಉಷಾ ಜಗುಲಿಗೆ ಬಂದಳು. ಪಾಪು ಅವಳ ಸೊಂಟದ ಮೇಲಿದ್ದ. ಏಳು ವರ್ಷದ ಹುಡುಗಿಗೆ ಸೊಂಟ ಎಲ್ಲಿಂದ ಬರಬೇಕು? ಒಂದು ಪಕ್ಕಕ್ಕೆ ಪೂರಾ ವಾಲಿ, ಇಲ್ಲದ ಸೊಂಟವನ್ನು ಹುಟ್ಟಿಸಿಕೊಂಡು ನಿಂತಿದ್ದಳು. ಲಂಗ ಒದ್ದೆಯಾಗಿತ್ತು. ತಲೆ ಬಾಚಿರಲಿಲ್ಲ.

“ಬರಕ್ಕಾಗಲ್ಲ ಕಣೇ” ಅಂದಳು. “ಪಾಪು ಬಿಡಲ್ಲ. ಅಜ್ಜಿಗೆ ಸೊಂಟ ನೋವು.” ಆಮೇಲೆ ಒಂದು ಉಸಿರು ಬಿಟ್ಟು ಹೇಳಿದಳು, “ನಮಗೆಲ್ಲಿ ಬರುತ್ತೆ ಪುರಸೊತ್ತು?”

ಅದು ನನ್ನ ಮಾತು. ನನ್ನದೇ ರಾಗ. ಕೊನೆಯಲ್ಲಿ ಬಿಡುವ ಉಸಿರೂ ನನ್ನದೇ. ದಿನಕ್ಕೆ ಹತ್ತು ಸಲ ಅಕ್ಕಪಕ್ಕದವರಿಗೆ ನಾನು ಹೇಳುತ್ತಿದ್ದದ್ದನ್ನು ಅವಳು ಯಾವಾಗಲೋ ಕಲಿತು ಇಟ್ಟುಕೊಂಡಿದ್ದಳು. ಬೇಕಾದಾಗ ತೆಗೆದಳು. ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಚಿಲಕ ತೆಗೆದು ಹೊರಗೆ ಬಂದುಬಿಟ್ಟೆ.

ಅತ್ತೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು. “ಏನೇ ಇದು! ಮೂರನೇ ನೀರು ಆಗಿಲ್ಲ, ಮಗು ಇರೋ ಮನೆ! ಅಮ್ಮ ಇನ್ನೂ ಒಳಗಿರುವಾಗ...”

“ಅಮ್ಮ ಹೋಗಿ ನಾಲ್ಕು ದಿನ ಆಯ್ತು, ಅತ್ತೆ.”

“ಬೆನ್ನ ಮೇಲೆ?”

“ಏನೂ ಇಲ್ಲ. ಶುಕ್ರವಾರಾನೂ ಇರಲಿಲ್ಲ.”

ಬೈಯುತ್ತಾರೆ ಅಂತ ಕಾದೆ. ಅವರು ಬೈಯಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು:

“ಹಾಗಾದ್ರೆ ನಾಲ್ಕು ದಿನದಿಂದ ನಾನು ಕೈ ಮುಗೀತಿದ್ದಿದ್ದು ಯಾರಿಗೆ?”

ಅವರ ಮುಂದಿದ್ದ ಮೊರ ಬಳಸಿ ಬಾಗಿಲಿಗೆ ನಡೆದೆ.

ಜಗುಲಿಗೆ ಹೋದೆ. “ಉಷಾ, ಪಾಪೂನ ಇಳಿಸು. ಚೀಲ ತಗೊಂಡು ವನಜಾ ಜೊತೆ ಹೊರಡು.”

ಅವಳು ಕೊಡಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಹೊಸದಾಗಿ ಕೆಲಸಕ್ಕೆ ಬಂದವಳನ್ನು ನೋಡುವ ಹಾಗೆ. “ಅವನಿಗೆ ಈಗ ನಿದ್ದೆ ಬರೋ ಹೊತ್ತು” ಅಂದಳು. “ತೊಡೆ ಮೇಲೆ ಹಾಕ್ಕೊಂಡ್ರೆ ಮಲಗಲ್ಲ, ಹೆಗಲ ಮೇಲೆ ಹಾಕ್ಕೋಬೇಕು. ಹಾಲಿಗೆ ಜಾಸ್ತಿ ಸಕ್ಕರೆ ಹಾಕಬೇಡ. ಶ್ರೀಧರ ಕೇಳ್ತಾನೆ, ಕೊಡಬೇಡ.”

“ಆಯ್ತು” ಅಂದೆ.

“ನಿಂಗೆ ಆಗುತ್ತಾ?”

“ಆಗುತ್ತೆ ಹೋಗು.”

ಪಾಪುವನ್ನು ಅಜ್ಜಿಯ ಪಕ್ಕ ಇಳಿಸಿ, ಬಾಚದ ತಲೆಯಲ್ಲೇ, ಒದ್ದೆ ಲಂಗದಲ್ಲೇ ಓಡಿದಳು. ಸ್ಕೂಲು ಮೂರು ರಸ್ತೆ ಆಚೆ. ತಿರುವಿನಲ್ಲಿ ಒಂದು ಸಲ ನಿಂತು ಹಿಂತಿರುಗಿ ನೋಡಿದಳು. ವನಜಾ ಕೈ ಹಿಡಿದು ಎಳೆದುಕೊಂಡು ಹೋದಳು.

ಅತ್ತೆ ಹಂಡೆಗೆ ಬೆಂಕಿ ಹಾಕಿ, ಬೇವು ಅರಿಶಿನ ಹಾಕಿ, ಮಂಗಳವಾರಕ್ಕೆ ಇಟ್ಟಿದ್ದ ನೀರನ್ನು ಸೋಮವಾರವೇ ನನ್ನ ತಲೆಗೆ ಹುಯ್ದರು. ಯಾವತ್ತಿಗಿಂತ ಸ್ವಲ್ಪ ಜೋರಾಗಿಯೇ ಹುಯ್ದರು. ಆಮೇಲೆ ಪಾಪುವನ್ನು ನನ್ನ ಕೈಗೆ ಕೊಟ್ಟರು. ಅವನು ನನ್ನ ಮುಖ ನೋಡಿ ಕಿರುಚಿಕೊಂಡ. ಹದಿನೈದು ದಿನದಲ್ಲಿ ನನ್ನನ್ನು ಮರೆತಿದ್ದನೋ, ಮುಖದ ಕಲೆಗಳಿಗೆ ಹೆದರಿದನೋ, ಅಥವಾ ಹಾಲಿನ ಲೆಕ್ಕ ಇಟ್ಟುಕೊಂಡಿದ್ದನೋ. ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದೆ. ಬೆನ್ನು ತಟ್ಟಿದೆ. ಹಾಡು ಹೇಳಿದೆ. ಅವನು ಬಾಗಿಲ ಕಡೆಗೇ ಕೈ ಚಾಚಿ ಅಳುತ್ತಿದ್ದ. ಊಟದ ಹೊತ್ತಿಗೆ ದಣಿದು, ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದ. ಆ ಹೊತ್ತಿಗೆ ನನ್ನ ರಜ ಎಂದೋ ನಡೆದ ಸಂಗತಿಯಂತೆ ಕಾಣುತ್ತಿತ್ತು.

ಉಷಾ ಎರಡು ಗಂಟೆಗೆ ಬಂದಳು. ಅವಳ ಊಟವಾದ ಮೇಲೆ ಹತ್ತಿರ ಕೂರಿಸಿಕೊಂಡು ತಲೆ ಬಾಚಿದೆ. ಸಿಕ್ಕು ಬಿಡಿಸುವಾಗ ನೋವಾದರೂ “ಅಮ್ಮಾ” ಅನ್ನಲಿಲ್ಲ.

“ಲೆಕ್ಕ ಹೇಗಿತ್ತು?”

“ಒಂದು ಬಿಟ್ಟೆ.”

“ಯಾಕೆ?”

“ಪಾಪು ಎದ್ದಿರ್ತಾನೆ ಅಂತ ಅನ್ನಿಸ್ತು. ಅಷ್ಟರಲ್ಲಿ ಗಂಟೆ ಹೊಡೀತು.”

ಜಡೆ ಹೆಣೆಯುತ್ತಾ ಹೋದೆ. ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು. ಕ್ಷಮಿಸು ಅಂತ ಮಗಳಿಗೆ ಹೇಳುವ ಪದ್ಧತಿ ನಮ್ಮ ಕಾಲದಲ್ಲಿರಲಿಲ್ಲ. ಏಳು ವರ್ಷದ ಮಗುವಿಗೆ ಬೆನ್ನ ಮೇಲಿನ ಎರಡು ಗುಳ್ಳೆಯ ಕಥೆ ಹೇಳುವ ಧೈರ್ಯವೂ ನನಗಿರಲಿಲ್ಲ. ರಿಬ್ಬನ್ ಕಟ್ಟಿ ಮುಗಿಸಿದೆ. “ಆಟಕ್ಕೆ ಹೋಗು” ಅಂದೆ.

“ಎಷ್ಟೊತ್ತಿಗೆ ಬರಲಿ?”

“ನಿನಗೆ ಸಾಕು ಅನ್ನಿಸಿದಾಗ ಬಾ.”

ಇದರಲ್ಲೇನೋ ಮೋಸವಿದೆ ಅನ್ನುವ ಹಾಗೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋದಳು. ಎದುರಿನ ಖಾಲಿ ಸೈಟಿನಲ್ಲಿ ವನಜಾ ಕಡ್ಡಿಯಿಂದ ಕುಂಟೆಬಿಲ್ಲೆ ಮನೆ ಗೀಚುತ್ತಿದ್ದಳು. ಪಾಪು ಎದ್ದಿದ್ದ. ಅವನನ್ನು ಎತ್ತಿಕೊಂಡು ನಾನು ಜಗುಲಿಯ ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ಬಿದ್ದೆದ್ದ ಮೈ, ಬೆಳಗಿನಿಂದ ಅವನನ್ನು ಹೊತ್ತು ದಣಿದಿತ್ತು. ಉಷಾ ಮೊದಲ ಎರಡು ಮನೆ ಕುಂಟುವಾಗಲೂ ಒಂದು ಪಕ್ಕಕ್ಕೇ ವಾಲುತ್ತಿದ್ದಳು, ಸೊಂಟದ ಮೇಲೆ ಇನ್ನೂ ಯಾರೋ ಇದ್ದ ಹಾಗೆ. ಐದಾರು ಆಟ ಆದ ಮೇಲೆ ನೆಟ್ಟಗಾದಳು. ಆಮೇಲೆ ಯಾವುದಕ್ಕೋ ವನಜಾ ಜೊತೆ ಜಗಳ ತೆಗೆದಳು. “ಗೆರೆ ತುಳಿದಿಲ್ಲ, ದೇವರಾಣೆ ತುಳಿದಿಲ್ಲ!” ಅಂತ ಕೂಗಾಡಿದಳು. ಆ ಜಗಳ ಕೇಳಿ ನನಗೆ ಕಣ್ಣು ತುಂಬಿತು.

ಅತ್ತೆ ಬಂದು ನನ್ನ ಪಕ್ಕ ನಿಂತರು.

“ಅಷ್ಟು ಸುಸ್ತಾಗಿದ್ರೆ ಬಾಯಿಬಿಟ್ಟು ಕೇಳಬಾರದಾಗಿತ್ತೇನೇ?” ಅಂದರು. “ನಾಲ್ಕು ದಿನ ಮಲಗ್ತೀನಿ ಅತ್ತೆ, ಅಂತ.”

“ಕೇಳಿದ್ದಿದ್ರೆ ಬಿಡ್ತಿದ್ರಾ?”

ಬೇರೆ ಯಾರಾದರೂ ಆಗಿದ್ದರೆ “ಅಯ್ಯೋ, ಬಿಡದೇ ಇರ್ತೀನಾ” ಅನ್ನುತ್ತಿದ್ದರು. ಅತ್ತೆ ಯೋಚನೆ ಮಾಡಿದರು.

“ಇಲ್ಲ” ಅಂದರು.

ಆಮೇಲೆ, “ನಮ್ಮನ್ನ ಯಾರು ಬಿಟ್ಟಿದ್ರು?” ಅಂದರು. ಅದು ಸಮಾಧಾನವೋ, ಜಗಳವೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಮೆಟ್ಟಿಲ ಮೇಲೆ ಕೂತು, “ಕೊಡು ಇಲ್ಲಿ, ನೀನೂ ಒಂದು ಗಳಿಗೆ ಕೂತ್ಕೋ” ಅಂತ ಪಾಪುವಿಗೆ ಕೈ ಚಾಚಿದರು.

ಅವನು ಹೋಗಲಿಲ್ಲ. ಬೆಳಗಿನಿಂದ ನನ್ನನ್ನು ಬೇಡ ಬೇಡ ಅಂದವನು, ಈಗ ಎರಡೂ ಕೈಯಲ್ಲಿ ನನ್ನ ಸೆರಗು ಹಿಡಿದುಕೊಂಡು ಮುಖ ಹುದುಗಿಸಿಬಿಟ್ಟ. ಎಷ್ಟು ಬಿಡಿಸಿದರೂ ಬಿಡಲಿಲ್ಲ. ನನ್ನ ಮಗು ನನಗೆ ವಾಪಸ್ಸು ಬಂದಿತ್ತು. ಸಂತೋಷ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬಿಟ್ಟಿದ್ದರೆ ಒಂದು ಗಳಿಗೆ ಕೂತಿರುತ್ತಿದ್ದೆ.